ಶಾಲೆ ಶುರುವಾಗುವ ಮುಂಚೆ ಶಿಕ್ಷಕರು ಏನು ಓದಬೇಕು?

ಪ್ರಶ್ನೆ: "ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಇಷ್ಟು ವರ್ಷ ನಲಿ-ಕಲಿ (1ರಿಂದ 3ನೇ ತರಗತಿಯ ಚಟುವಟಿಕೆ ಆಧಾರಿತ ಕಲಿಕೆ) ತರಗತಿ ನೋಡಿಕೊಳ್ಳುತ್ತಿದ್ದೆ. ಈ ವರ್ಷ 4 ಮತ್ತು 5ನೇ ತರಗತಿ ಕೊಟ್ಟಿದ್ದಾರೆ. ಎರಡೂ ಸೇರಿ 41 ಮಕ್ಕಳು. ಅವರಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಸರಿಯಾಗಿ ಓದಲು ಬರುವುದಿಲ್ಲ. ಶಾಲೆ ಶುರುವಾಗಲು ಇನ್ನು ಹತ್ತು ದಿನ ಇದೆ. ಈ ಸಲ ತಯಾರಾಗಿಯೇ ಹೋಗಬೇಕು ಅಂತ ಪುಸ್ತಕ ಹುಡುಕುತ್ತಿದ್ದೇನೆ. ನಮ್ಮ ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ 'ಶಿಕ್ಷಕರು ಓದಲೇಬೇಕಾದ 20 ಪುಸ್ತಕಗಳು' ಅಂತ ಪಟ್ಟಿ ಬಂತು. ಬಹಳಷ್ಟು ಇಂಗ್ಲಿಷ್. ಒಂದನ್ನು ತೆರೆದೆ, ನಾಲ್ಕು ಪುಟಕ್ಕೇ ನಿಂತಿತು. ನಮ್ಮ ಮುಖ್ಯ ಗುರುಗಳು, 'ಪುಸ್ತಕ ಓದಿ ಈಜು ಕಲಿಯೋಕಾಗುತ್ತಾ ಮೇಡಂ, ಅದು ಅನುಭವದಿಂದಲೇ ಬರಬೇಕು' ಅನ್ನುತ್ತಾರೆ. ಇನ್ನೊಂದು ಗೊಂದಲ ಇದೆ. ಹಿಂದೆ ಒಂದು ತರಬೇತಿಯಲ್ಲಿ, ಮಕ್ಕಳಲ್ಲಿ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮೂರು ಬಗೆ, ಮೊದಲ ವಾರವೇ ಗುರುತಿಸಿ ಗುಂಪು ಮಾಡಿ ಅಂದಿದ್ದರು. ಹಾಗೆ ಮಾಡಲಾ? ಏನು ಓದಲಿ, ಎಷ್ಟು ಓದಲಿ? ಜೂನ್ ಬಂದರೆ ನಮಗೆ ಉಸಿರಾಡಲೂ ಸಮಯ ಇರುವುದಿಲ್ಲ."

ಉತ್ತರ:

ಮೇಡಂ, ನಲಿ-ಕಲಿಯಿಂದ 4ನೇ ತರಗತಿಗೆ ದಾಟುವುದು ಮಕ್ಕಳಿಗೆ ಎಷ್ಟು ಕಷ್ಟವೋ ಶಿಕ್ಷಕರಿಗೂ ಅಷ್ಟೇ ಕಷ್ಟ. ಅಲ್ಲಿ ಕಾರ್ಡು, ಮೆಟ್ಟಿಲು, ಮೈಲಿಗಲ್ಲು, ಗುಂಪಿನ ತಟ್ಟೆ. ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಇಲ್ಲಿ ಪಠ್ಯಪುಸ್ತಕ, ಪಾಠ ಹಂಚಿಕೆ, ಎಲ್ಲರಿಗೂ ಒಂದೇ ದಿನ ಒಂದೇ ಪಾಠ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾಗಿ ಇಷ್ಟು ವರ್ಷವಾಯಿತು. ಆದರೂ ಈ ಜಿಗಿತಕ್ಕೆ ಶಿಕ್ಷಕರನ್ನು ತಯಾರು ಮಾಡುವ ಕೆಲಸ ಸಾಲದು ಅಂತಲೇ ನನ್ನ ಅಭಿಪ್ರಾಯ. ಹಾಗಾಗಿ ನಿಮಗೆ ಅಳುಕು ಆಗಿರುವುದರಲ್ಲಿ ತಪ್ಪೇನಿಲ್ಲ. ಅಳುಕಾದಾಗ ಪುಸ್ತಕದ ಪಟ್ಟಿ ಕೈಗೆ ಸಿಕ್ಕರೆ ಒಂದು ಸಮಾಧಾನ. ಅಷ್ಟನ್ನೂ ಓದಿ ಮುಗಿಸಿದರೆ ಧೈರ್ಯ ಬರುತ್ತದೆ ಅನಿಸುತ್ತದೆ. ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಶಿಕ್ಷಕರ ಜೊತೆ ಕೆಲಸ ಮಾಡುತ್ತಾ ನಾನು ಕಂಡದ್ದು ಬೇರೆ. ತನ್ನ ತರಗತಿಯ ಒಂದು ಪ್ರಶ್ನೆ ಹಿಡಿದುಕೊಂಡು ಓದಿದವರು ಕಲಿಸುವ ರೀತಿಯಲ್ಲಿ ಏನಾದರೂ ಬದಲಾಗುತ್ತದೆ. ಪಟ್ಟಿ ಹಿಡಿದು ಓದಿದವರು ತುಂಬಾ ವಿಷಯ ಹೇಳಬಲ್ಲರು, ಆದರೆ ಅವರ ಪಾಠ ಮೊದಲಿನಂತೆಯೇ ಇರುತ್ತದೆ.

ನಿಮ್ಮ ಬಳಿ ಪ್ರಶ್ನೆ ಆಗಲೇ ಇದೆ. ಈ ಹತ್ತು ಹನ್ನೆರಡು ಮಕ್ಕಳಿಗೆ ಓದು ಯಾಕೆ ಬಂದಿಲ್ಲ? ಈ ವರ್ಷದ ನಿಮ್ಮ ಓದೆಲ್ಲ ಇದರ ಸುತ್ತಲೇ ಇರಲಿ.

ಮೊದಲು ನಿಮ್ಮ ಮುಖ್ಯ ಗುರುಗಳ ಮಾತು ನೋಡೋಣ. ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ. ಓದಿದ್ದನ್ನು ತರಗತಿಯಲ್ಲಿ ಮಾಡಿ ನೋಡದಿದ್ದರೆ ಅದು ಒಂದು ತಿಂಗಳೂ ಉಳಿಯುವುದಿಲ್ಲ. ಆದರೆ ಅನುಭವಕ್ಕೆ ಕಾಣದ ವಿಷಯಗಳೂ ಇವೆ. ಒಂದು ಉದಾಹರಣೆ ಕೊಡುತ್ತೇನೆ. 1970ರ ದಶಕದಲ್ಲಿ ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ ತರಗತಿಗಳ ಮಾತನ್ನು ಟೇಪಿನಲ್ಲಿ ಹಿಡಿದು ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದದ್ದು ಸರಾಸರಿ 1 ಸೆಕೆಂಡ್. ಅಷ್ಟರಲ್ಲಿ ಇನ್ನೊಬ್ಬರನ್ನು ಎಬ್ಬಿಸುತ್ತಿದ್ದರು, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಇದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಇಪ್ಪತ್ತು ವರ್ಷ ಪಾಠ ಮಾಡಿದ ಶಿಕ್ಷಕರಿಗೂ ತಾವು ಎಷ್ಟು ಹೊತ್ತು ಕಾಯುತ್ತೇವೆ ಅಂತ ಗೊತ್ತಿರುವುದಿಲ್ಲ. ಪಾಠದ ನಡುವೆ ನಿಂತವರಿಗೆ ಆ ಮೌನ ಬಹಳ ಉದ್ದ ಅನಿಸುತ್ತದೆ. ಹೊರಗಿನಿಂದ ಒಬ್ಬರು ಅಳತೆ ಮಾಡಿ ಬರೆದಿಟ್ಟಿದ್ದರಿಂದ ನಮಗೆ ತಿಳಿಯಿತು. ಓದಿನಿಂದ ಸಿಗುವುದು ಇಂಥದ್ದು. ಇದನ್ನು ಮುಖ್ಯ ಗುರುಗಳ ಜೊತೆ ವಾದ ಮಾಡಿ ಗೆಲ್ಲುವ ಅಗತ್ಯ ಇಲ್ಲ. ಆಗಸ್ಟ್ ಹೊತ್ತಿಗೆ ನಾಲ್ಕು ಮಕ್ಕಳನ್ನು ಅವರ ಕೋಣೆಗೆ ಕರೆದುಕೊಂಡು ಹೋಗಿ ಓದಿಸಿ, ಸಾಕು.

ಈಗ ಆ ಮೂರು ಬಗೆಯ ಮಕ್ಕಳ ವಿಷಯ. ದಯವಿಟ್ಟು ಹಾಗೆ ಗುಂಪು ಮಾಡಬೇಡಿ. ಈ ಮಾತು ಎಷ್ಟೋ ತರಬೇತಿಗಳಲ್ಲಿ, ಬಿ.ಇಡಿ ನೋಟ್ಸುಗಳಲ್ಲಿ ಇವತ್ತಿಗೂ ಓಡಾಡುತ್ತಿದೆ. ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ಆವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಮಗುವಿನ 'ಬಗೆ' ನೋಡಿ ಅದಕ್ಕೆ ಹೊಂದುವಂತೆ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನುವುದಕ್ಕೆ ಸರಿಯಾದ ಪುರಾವೆ ಅವರಿಗೆ ಸಿಗಲಿಲ್ಲ. ಮಕ್ಕಳಿಗೆ ಇಷ್ಟ-ಅನಿಷ್ಟ ಇರುತ್ತದೆ, ಅದು ಸರಿ. ಚಿತ್ರ ಇಷ್ಟ ಅಂದ ಮಾತ್ರಕ್ಕೆ ಆ ಮಗು ಚಿತ್ರದಿಂದ ಮಾತ್ರ ಚೆನ್ನಾಗಿ ಕಲಿಯುತ್ತದೆ ಅಂತ ಅರ್ಥ ಅಲ್ಲ.

ಹಾಗಾದರೆ ಆ ಮಾತು ಶಿಕ್ಷಕರಿಗೆ ಯಾಕೆ ನಿಜ ಅನಿಸುತ್ತದೆ? ಚಿತ್ರ ತೋರಿಸಿ, ಕೈಯಿಂದ ಮಾಡಿಸಿ ಕಲಿಸಿದಾಗ ಮಕ್ಕಳು ಚೆನ್ನಾಗಿ ಕಲಿತದ್ದನ್ನು ನೀವು ಕಣ್ಣಾರೆ ನೋಡಿರುತ್ತೀರಿ. ಅದು ನಿಜವೇ. ಆದರೆ ಹೇಗೆ ಕಲಿಸಬೇಕು ಅನ್ನುವುದನ್ನು ತೀರ್ಮಾನಿಸುವುದು ಮಗುವಿನ 'ಬಗೆ' ಅಲ್ಲ, ನಾವು ಕಲಿಸುವ ವಿಷಯ. ಭಿನ್ನರಾಶಿ ಅಂದರೆ ಕಾಗದ ಮಡಿಸಲೇಬೇಕು, 41 ಮಕ್ಕಳೂ ಮಡಿಸಬೇಕು. ಪದ್ಯ ಅಂದರೆ ಕಿವಿಗೆ ಬೀಳಲೇಬೇಕು. ನಕ್ಷೆ ಅಂದರೆ ನೋಡಲೇಬೇಕು. ಗುಂಪು ಮಾಡುವುದರ ಅಪಾಯ ಎಲ್ಲಿದೆ ಅಂದರೆ, ಓದಲು ಬಾರದ ಮಗುವಿಗೆ 'ಇವನು ಮಾಡಿ ಕಲಿಯುವವನು' ಅಂತ ಹೆಸರು ಬಿದ್ದುಬಿಡುತ್ತದೆ. ಆಮೇಲೆ ಅವನಿಗೆ ಓದಿಸುವುದನ್ನೇ ಬಿಡುತ್ತೇವೆ. ಜಾಸ್ತಿ ಓದು ಬೇಕಾದ ಮಗುವಿಗೆ ಕಡಿಮೆ ಓದು ಸಿಗುತ್ತದೆ.

ಇದೇ ಸಾಲಿಗೆ ಸೇರಿದ ಇನ್ನೊಂದನ್ನೂ ಹೇಳಿಬಿಡುತ್ತೇನೆ, ನಿಮಗೆ ಖಂಡಿತ ಎದುರಾಗುತ್ತದೆ. 'ಓದಿದ್ದರಲ್ಲಿ 10 ಪರ್ಸೆಂಟ್, ಕೇಳಿದ್ದರಲ್ಲಿ 20 ಪರ್ಸೆಂಟ್, ನೋಡಿದ್ದರಲ್ಲಿ 30 ಪರ್ಸೆಂಟ್ ನೆನಪಿರುತ್ತದೆ' ಎಂಬ ಪಿರಮಿಡ್ ಚಿತ್ರ. ಅದಕ್ಕೆ ಎಡ್ಗರ್ ಡೇಲ್ ಹೆಸರು ಹಾಕಿರುತ್ತಾರೆ. 1946ರಲ್ಲಿ ಡೇಲ್ ಕೊಟ್ಟ ಅನುಭವದ ಶಂಕುವಿನಲ್ಲಿ ಒಂದೂ ಅಂಕಿ ಇರಲಿಲ್ಲ. ಆ ಪರ್ಸೆಂಟುಗಳನ್ನು ಆಮೇಲೆ ಯಾರೋ ಸೇರಿಸಿದರು. ಹತ್ತು, ಇಪ್ಪತ್ತು, ಮೂವತ್ತು ಅಂತ ಅಷ್ಟು ನೀಟಾಗಿ ಬರುವ ಅಂಕಿ ಕಂಡರೆ, ಯಾವ ಮಕ್ಕಳ ಮೇಲೆ, ಯಾವಾಗ ಅಳೆದದ್ದು ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅದನ್ನು ನಿಮ್ಮ ಪಾಠಯೋಜನೆಗೆ ತರಬೇಡಿ.

ಇಂಗ್ಲಿಷ್ ಪುಸ್ತಕ ನಾಲ್ಕು ಪುಟಕ್ಕೆ ನಿಂತಿತು ಅಂದಿರಿ. ಅದಕ್ಕೆ ಬೇಸರ ಪಡಬೇಡಿ. ಪ್ರಶ್ನೆ ಕೇಳುವುದು, ನೋಟ್‌ಬುಕ್ ತಿದ್ದುವುದು, ಹಳೆಯ ಪಾಠ ನೆನಪಿಸುವುದು, ಇಂಥ ವಿಷಯಗಳಲ್ಲಿ ಹೊರದೇಶದ ಅಧ್ಯಯನ ನಮಗೂ ಉಪಯೋಗಕ್ಕೆ ಬರುತ್ತದೆ. ಆದರೆ ಓದು ಕಲಿಸುವ ವಿಷಯ ಬಂದಾಗ ಹುಷಾರಾಗಿರಬೇಕು. ಆ ಪಟ್ಟಿಗಳಲ್ಲಿ ಇರುವ ಪುಸ್ತಕಗಳು ಸಾಮಾನ್ಯವಾಗಿ 26 ಅಕ್ಷರದ ಇಂಗ್ಲಿಷನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದವು. ಕನ್ನಡದ ಮಗು ಎದುರಿಸುವ ಕಷ್ಟವೇ ಬೇರೆ.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ಜೀವ ಇಲ್ಲೇ ಇದೆ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. ಆದರೆ ಮಗು ಗುರುತಿಸಬೇಕಾದದ್ದು 49 ಅಲ್ಲ. ಒಂದೊಂದು ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒತ್ತು. ಒಟ್ಟು ನೂರಾರು ರೂಪ. ಒತ್ತಕ್ಷರಗಳಲ್ಲಿ ತ, ನ, ಮ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ಅರ್ಕಾವೊತ್ತು ಇನ್ನೂ ತೊಡಕು. 'ಸೂರ್ಯ' ಬರೆಯುವಾಗ ಆ ಗುರುತು ಕೊನೆಯಲ್ಲಿ ಬರುತ್ತದೆ, ಓದುವಾಗ ಮುಂಚೆ ಓದಬೇಕು. ಮಗು 'ಸೂಯರ್' ಅಂತ ಓದಿದರೆ ಅದು ಗಮನವಿಟ್ಟು, ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ ಅಂತ ಅರ್ಥ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೋನಾಲಿ ನಾಗ್ ಅವರು ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಾಣುತ್ತದೆ. ಇಂಗ್ಲಿಷಿನ ಮಕ್ಕಳು ಅಕ್ಷರ ಕಲಿತು ಮುಗಿಸುವ ಕಾಲಕ್ಕೆ ನಮ್ಮ ಮಕ್ಕಳು ಮುಗಿಸುವುದಿಲ್ಲ. ಅಕ್ಷರ ಕಲಿಕೆ 3, 4ನೇ ತರಗತಿವರೆಗೂ ಎಳೆಯುತ್ತದೆ. ಅಂದರೆ ನಿಮ್ಮ 4ನೇ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗುವಿನ ತಲೆಯಲ್ಲಿ ತೊಂದರೆ ಇಲ್ಲ. ಅದಕ್ಕೆ ಇನ್ನಷ್ಟು ಸಮಯ ಮತ್ತು ಕಲಿಸುವವರು ಬೇಕು. 4ನೇ ತರಗತಿಗೆ ಬಂದ ಕೂಡಲೇ ಆ ಕಲಿಸುವಿಕೆ ನಿಂತುಹೋಗುತ್ತದೆ, ತೊಂದರೆ ಅಲ್ಲಿರುವುದು.

ಇನ್ನೊಂದು ಅಧ್ಯಯನ ನಿಮ್ಮ ಕಡೆಯದೇ. ಶೈಲಜಾ ಮೆನನ್ ಮತ್ತು ಅವರ ತಂಡ ಯಾದಗಿರಿಯಲ್ಲಿ ಕನ್ನಡದ ಮಕ್ಕಳನ್ನೂ ಮಹಾರಾಷ್ಟ್ರದ ವಾಡಾದಲ್ಲಿ ಮರಾಠಿ ಮಕ್ಕಳನ್ನೂ 1ನೇ ತರಗತಿಯಿಂದ 3ನೇ ತರಗತಿವರೆಗೆ ಗಮನಿಸಿದರು. ಅದನ್ನು ಲಿರಿಲ್ ಅಧ್ಯಯನ ಅಂತ ಕರೆಯುತ್ತಾರೆ. ಅಕ್ಷರ ಕಲಿಸುವುದಕ್ಕೇ ಸಮಯವೆಲ್ಲ ಹೋಗಿ, ಕಥೆ ಕೇಳಿಸುವುದು, ಅರ್ಥದ ಬಗ್ಗೆ ಮಾತಾಡುವುದು, ತಮ್ಮದೇ ಮಾತು ಬರೆಯಿಸುವುದು ಬಹಳ ಕಡಿಮೆಯಾಗಿರುವುದನ್ನು ಅವರು ಕಂಡರು. ಅಷ್ಟು ಸಮಯ ಕೊಟ್ಟ ಮೇಲೂ 3ನೇ ತರಗತಿಯ ಎಷ್ಟೋ ಮಕ್ಕಳು ಸರಳ ಪದಗಳಿಗೂ ಕಷ್ಟಪಡುತ್ತಿದ್ದರು. 20 ಪುಸ್ತಕದ ಪಟ್ಟಿಗಿಂತ ಇಂಥ ಒಂದು ಅಧ್ಯಯನದ ಸಾರಾಂಶ ನಿಮಗೆ ಹೆಚ್ಚು ಉಪಯೋಗ.

ಇಷ್ಟು ಹೇಳಿ, ಈ ಹತ್ತು ದಿನಕ್ಕೆ ಬರುತ್ತೇನೆ. ಮೊದಲ ಓದು ನಿಮ್ಮ ಕಪಾಟಿನಲ್ಲೇ ಇದೆ. 4ನೇ ತರಗತಿಗೆ ಬರುವ ಮಕ್ಕಳನ್ನು ನಲಿ-ಕಲಿಯಲ್ಲಿ ನೋಡಿದವರು ನೀವೇ. ಹೊಸಬರಿಗೆ ಈ ಭಾಗ್ಯ ಇರುವುದಿಲ್ಲ. ನಲಿ-ಕಲಿಯ ಪ್ರಗತಿ ನೋಟ (ಮಕ್ಕಳ ಕಲಿಕೆಯ ದಾಖಲೆ) ತೆಗೆದು, ಯಾವ ಮಗು ಯಾವ ಮೈಲಿಗಲ್ಲಿನಲ್ಲಿ ನಿಂತಿತ್ತು ಅಂತ ನೋಡಿ. ಆಮೇಲೆ 4 ಮತ್ತು 5ನೇ ತರಗತಿಯ ಪಠ್ಯಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ, ಕಥೆ ಪುಸ್ತಕ ಓದುವ ಹಾಗೆ ಓದಿ. ಶಾಲೆಗೆ ಪುಸ್ತಕ ಬರುವುದು ತಡವಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಮುನ್ನುಡಿಯನ್ನೂ ಶಿಕ್ಷಕರಿಗಾಗಿ ಬರೆದ ಪುಟಗಳನ್ನೂ ಬಿಡಬೇಡಿ. ಪಾಠ ಯಾಕೆ ಹಾಗಿದೆ ಅಂತ ಬರೆದವರು ಹೇಳುವುದು ಅಲ್ಲಿಯೇ. ನಮ್ಮಲ್ಲಿ ಆ ಪುಟ ಓದುವವರು ಬಹಳ ಕಡಿಮೆ. ಎರಡು ತರಗತಿ ಒಟ್ಟಿಗೆ ಇರುವುದರಿಂದ ನಿಮಗೆ ಇನ್ನೊಂದು ಲಾಭ ಇದೆ: ಎರಡರಲ್ಲೂ ಹತ್ತಿರ ಹತ್ತಿರ ಬರುವ ಪಾಠಗಳಿಗೆ ಗುರುತು ಹಾಕಿಕೊಂಡರೆ ಒಟ್ಟಿಗೆ ಶುರು ಮಾಡಿ, ಆಮೇಲೆ ಬೇರೆ ಬೇರೆ ಕೆಲಸ ಕೊಡಬಹುದು. ಪಠ್ಯಪುಸ್ತಕವನ್ನಷ್ಟೇ ಓದಿದರೆ ಒಂದು ತೊಂದರೆಯೂ ಇದೆ. ಪಾಠ ಮುಗಿಸುವುದೇ ಗುರಿ ಅಂತ ನಮಗೇ ಗೊತ್ತಿಲ್ಲದೆ ನಂಬಿಬಿಡುತ್ತೇವೆ. ಅದಕ್ಕೆ ಕಲಿಕಾ ಫಲಗಳ ಪಟ್ಟಿಯನ್ನು, ಅಂದರೆ ತರಗತಿ ಮುಗಿಯುವಾಗ ಮಗುವಿಗೆ ಏನೇನು ಬರಬೇಕು ಎಂಬ ಪಟ್ಟಿಯನ್ನು, ಪಕ್ಕದಲ್ಲಿ ಇಟ್ಟುಕೊಳ್ಳಿ.

ಶಾಲೆ ತೆರೆದ ಮೇಲೆ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ನೋಡಿ ಸರಿಪಡಿಸುವ ಕಾರ್ಯಕ್ರಮ, ಇದ್ದೇ ಇದೆ. ಅದರ ನೈದಾನಿಕ ಪರೀಕ್ಷೆಯನ್ನು (ಮಗು ಎಲ್ಲಿ ಹಿಂದಿದೆ ಅಂತ ಗುರುತಿಸುವ ಪರೀಕ್ಷೆ) ಕಾಗದದ ಮೇಲೆ ಮಾಡಿ ಅಂಕ ತುಂಬಿಸಿದರೆ ದಾಖಲೆ ಆಗುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ಕಷ್ಟಪಡುವ ಆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡು, 3ನೇ ತರಗತಿ ಮಟ್ಟದ ಹತ್ತು ಸಾಲಿನ ಕಥೆ ಓದಿಸಿ. ಒಬ್ಬರಿಗೆ ಐದು ನಿಮಿಷ ಸಾಕು. ಆ ಕಥೆಯ ಇನ್ನೊಂದು ಪ್ರತಿ ನಿಮ್ಮ ಕೈಯಲ್ಲಿರಲಿ, ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಪದದ ಮೇಲೆ ಬರೆದುಕೊಳ್ಳಿ. ನಡುವೆ ತಿದ್ದಬೇಡಿ. ಕೊನೆಗೆ, ಕಥೆಯಲ್ಲಿ ಏನಾಯ್ತು ಅಂತ ಕೇಳಿ.

ಆ ಹಾಳೆಗಳನ್ನು ಸಂಜೆ ಹರಡಿಕೊಂಡು ಕೂತರೆ, 'ಓದಲು ಬರುವುದಿಲ್ಲ' ಅಂತ ನೀವು ಒಂದೇ ಮಾತಿನಲ್ಲಿ ಬರೆದ ಮಕ್ಕಳಲ್ಲಿ ಬೇರೆ ಬೇರೆ ಕಥೆ ಇರುವುದು ಕಾಣುತ್ತದೆ. ಒಬ್ಬಳಿಗೆ ರ, ಗ, ಸ, ದ ಮೊದಲಾದ ಮೂಲ ಅಕ್ಷರ ಎಲ್ಲ ಗೊತ್ತು, ಒತ್ವ ಮತ್ತು ಎತ್ವ ಬಂದರೆ ನಿಲ್ಲುತ್ತಾಳೆ. ಅವಳಿಗೆ ಇಡೀ ಕಾಗುಣಿತ ಕಂಠಪಾಠ ಮಾಡಿಸುವುದರಿಂದ ಪ್ರಯೋಜನ ಇಲ್ಲ, ಹೇಳುವ ಕಾಗುಣಿತ ಅವಳಿಗೆ ಬರುತ್ತದೆ. ತಪ್ಪುವ ಎರಡು ಮೂರು ಗುರುತುಗಳನ್ನು ಪದಗಳಲ್ಲಿ ಎದುರು ಬದುರು ಇಟ್ಟು ಓದಿಸಬೇಕು, ಕಲ್ಲು–ಕೊಲ್ಲು, ಬಲೆ–ಬೆಲೆ ಅಂತ. ಇನ್ನೊಬ್ಬನಿಗೆ ಒತ್ತು ಮಾತ್ರ ತೊಡಕು, ಅವನು ಒತ್ತನ್ನು ಬಿಟ್ಟು 'ಅಕ', 'ಅಮ' ಅಂತ ಓದುತ್ತಾನೆ. ಮೂರನೆಯವನು ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾನೆ, 'ಮರದ' ಇದ್ದಲ್ಲಿ 'ಮನೆ' ಅನ್ನುತ್ತಾನೆ. ಅವನಿಗೆ ಬೆರಳಿಟ್ಟು ಕೊನೆಯವರೆಗೆ ಓದುವ ಅಭ್ಯಾಸ ಬೇಕು. ಮತ್ತೊಬ್ಬಳು ಪಟಪಟ ಓದುತ್ತಾಳೆ, ಏನಾಯ್ತು ಅಂದರೆ ಗೊತ್ತಿಲ್ಲ. ಅವಳ ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಮಾತಾಡುತ್ತಾರಾ ನೋಡಿ. ಹಾಗಿದ್ದರೆ ಅವಳಿಗೆ ಅಕ್ಷರ ಕಾರ್ಡು ಬೇಡವೇ ಬೇಡ. ಕನ್ನಡದಲ್ಲಿ ಕಥೆ ಕೇಳುವುದು, ಮಾತಾಡುವುದು ಬೇಕು. ಕೆಲವರು ಎಲ್ಲವನ್ನೂ ಸರಿಯಾಗಿಯೇ ಓದುತ್ತಾರೆ, ಆದರೆ ಒಂದೊಂದು ಅಕ್ಷರ ಜೋಡಿಸುತ್ತಾ ಸಾಲು ಮುಗಿಯುವಷ್ಟರಲ್ಲಿ ಮೊದಲ ಪದ ಮರೆತಿರುತ್ತದೆ. ಅಂಥವರಿಗೆ ಹೊಸ ಪಾಠ ಕೊಡದೆ, ಗೊತ್ತಿರುವ ಒಂದೇ ಕಥೆಯನ್ನು ನಾಲ್ಕೈದು ದಿನ ಮತ್ತೆ ಮತ್ತೆ ಓದಿಸಿದರೆ ವೇಗ ಬರುತ್ತದೆ.

ಈ ಹಾಳೆಗಳನ್ನು ಓದುವುದೂ ವೃತ್ತಿಯ ಓದೇ, ಮೇಡಂ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮುಖ್ಯವಾದ ಓದು ಇದು. ಇದಾದ ಮೇಲೆ ನೀವು ಯಾವ ಲೇಖನ ತೆರೆದರೂ ಅದರಲ್ಲಿ ಯಾವ ಸಾಲು ನಿಮಗೆ ಬೇಕು ಅಂತ ತಾನಾಗಿ ಕಾಣುತ್ತದೆ.

ಆಮೇಲೆ ಓದಬಹುದಾದವು ಕನ್ನಡದಲ್ಲೇ ಇವೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 'ಅನುವಾದ ಸಂಪದ'ದಲ್ಲಿ ಶಿಕ್ಷಣದ ಲೇಖನಗಳು ಕನ್ನಡದಲ್ಲಿ ಉಚಿತವಾಗಿ ಸಿಗುತ್ತವೆ. ಟೆಸ್-ಇಂಡಿಯಾ ಎಂಬ ಯೋಜನೆಯಲ್ಲಿ ಶಿಕ್ಷಕರಿಗಾಗಿಯೇ ಮಾಡಿದ ಚಿಕ್ಕ ಘಟಕಗಳು ಕರ್ನಾಟಕಕ್ಕೆ ಕನ್ನಡದಲ್ಲಿ ಬಂದಿವೆ. ಅದರಲ್ಲಿ ಒಂದು ಸಂಗತಿ ಚೆನ್ನಾಗಿದೆ: ಓದಿಸಿ ಬಿಡುವುದಿಲ್ಲ, ತರಗತಿಯಲ್ಲಿ ಹೀಗೆ ಮಾಡಿ ನೋಡಿ ಅಂತ ಕೆಲಸ ಕೊಡುತ್ತದೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಜೊತೆ ಸೇರಿ ಮಾಡಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನೂ ನೋಡಬಹುದು. ಇವುಗಳ ಅಪಾಯ ಎಲ್ಲರಿಗೂ ಗೊತ್ತಿರುವುದೇ. ಡೌನ್‌ಲೋಡ್ ಮಾಡಿದ್ದು ಫೋನಿನಲ್ಲಿ ರಾಶಿ ಬೀಳುತ್ತದೆ, ಯಾವುದೂ ಓದುವುದಿಲ್ಲ. ಒಂದು ಓದಿ ಮುಗಿಯುವವರೆಗೆ ಇನ್ನೊಂದನ್ನು ಇಳಿಸಬೇಡಿ.

ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದ ಕೋರ್ಸುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಕಲಿಕೆ ಇರಲಿ ಅನ್ನುತ್ತದೆ. ದೀಕ್ಷಾದಲ್ಲಿ ಬರುವ ನಿಷ್ಠಾ ಎಂಬ ಶಿಕ್ಷಕರ ತರಬೇತಿ ಕೋರ್ಸುಗಳಲ್ಲಿ ಒಳ್ಳೆಯ ಭಾಗಗಳಿವೆ. ಆದರೆ ಸರ್ಟಿಫಿಕೇಟಿಗಾಗಿ ವಿಡಿಯೋ ಓಡಲು ಬಿಟ್ಟು ಊಟಕ್ಕೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಮಾಡಲೇಬೇಕಾದ ಕೋರ್ಸನ್ನು ಮಾಡಿ. ಅದನ್ನು ನಿಮ್ಮ ಓದು ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಬುನಾದಿ ಹಂತದ 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಂಥ ದಪ್ಪ ದಾಖಲೆಯನ್ನೂ ಪೂರ್ತಿ ಓದುವ ಹಟ ಬೇಡ. ಓದು-ಬರಹ ಕಲಿಸುವ ಭಾಗ ಹುಡುಕಿ ಅಷ್ಟನ್ನೇ ಓದಿ.

ಒಂದಾದರೂ ಇಡೀ ಪುಸ್ತಕ ಓದಬೇಕು ಅನಿಸಿದರೆ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ' ಓದಿ. 1930ರ ದಶಕದಲ್ಲಿ ಗುಜರಾತಿಯಲ್ಲಿ ಬಂದದ್ದು, ಕನ್ನಡಕ್ಕೂ ಬಂದಿದೆ. ನಿಮಗೆ ಯಾಕೆ ಇದನ್ನೇ ಹೇಳುತ್ತಿದ್ದೇನೆ ಅಂದರೆ, ಅದರ ಕಥೆಯೂ 4ನೇ ತರಗತಿಯದೇ. ಲಕ್ಷ್ಮೀರಾಮ್ ಎಂಬ ಶಿಕ್ಷಕ ಅಧಿಕಾರಿಯನ್ನು ಒಪ್ಪಿಸಿ ಒಂದು ವರ್ಷ ಆ ತರಗತಿ ತೆಗೆದುಕೊಳ್ಳುತ್ತಾನೆ. ಮೊದಲ ದಿನ ಶಾಂತಿಯ ಆಟ ಆಡಿಸಲು ಹೋಗಿ ಗದ್ದಲವಾಗಿ ಎಲ್ಲ ಕೆಟ್ಟುಹೋಗುತ್ತದೆ. ಮರುದಿನ ಕಥೆ ಹಿಡಿದು ಬರುತ್ತಾನೆ, ಕಥೆಯಿಂದ ಓದಿಗೆ ದಾರಿ ಸಿಗುತ್ತದೆ. ಓದುವಾಗ ಒಂದು ಎಚ್ಚರ ಇರಲಿ. ಆತನಿಗೆ ಇದ್ದದ್ದು ಒಂದೇ ತರಗತಿ, ಬಿಸಿಯೂಟದ ಲೆಕ್ಕ ಇರಲಿಲ್ಲ, ಎಸ್‌ಎಟಿಎಸ್‌ನಲ್ಲಿ (ಮಕ್ಕಳ ಆನ್‌ಲೈನ್ ದಾಖಲೆ) ತುಂಬಿಸುವ ಕೆಲಸ ಇರಲಿಲ್ಲ. ಇಂಥ ಪುಸ್ತಕ ಓದಿ ಕೆಲವರು ಎಲ್ಲವನ್ನೂ ಒಂದೇ ವಾರದಲ್ಲಿ ಬದಲಾಯಿಸಲು ಹೊರಡುತ್ತಾರೆ. ಇನ್ನು ಕೆಲವರು 'ನಮ್ಮಿಂದ ಏನೂ ಆಗುತ್ತಿಲ್ಲ' ಅಂತ ಕೊರಗುತ್ತಾರೆ. ಎರಡೂ ಬೇಡ. ದಿನಾ ಕಥೆ ಹೇಳುವುದನ್ನು ಮಾತ್ರ ತೆಗೆದುಕೊಳ್ಳಿ.

ಕಥೆಯ ಮಾತು ಬಂತು. 20 ಪುಸ್ತಕ ಓದಲೇಬೇಕು ಅಂತ ನಿಮಗೆ ಮನಸ್ಸಿದ್ದರೆ, 20 ಮಕ್ಕಳ ಪುಸ್ತಕ ಓದಿ! ಓದು ಕಲಿಸುವ ಶಿಕ್ಷಕರಿಗೆ ಯಾವ ಮಗುವಿನ ಕೈಗೆ ಯಾವ ಪುಸ್ತಕ ಕೊಡಬೇಕು ಅಂತ ಗೊತ್ತಿರಬೇಕು. ಅದು ಗೊತ್ತಾಗುವುದು ನಾವು ಅವನ್ನು ಓದಿದ್ದರೆ ಮಾತ್ರ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಹಂತದ ಪ್ರಕಾರ ಜೋಡಿಸಿವೆ, ದುಡ್ಡು ಕೊಡಬೇಕಿಲ್ಲ. ನಿಮ್ಮ ಶಾಲೆಯ ಬೀರುವಿನಲ್ಲೂ ಪುಸ್ತಕ ಇರುತ್ತವೆ. ಹರಿದರೆ ಲೆಕ್ಕ ಕೊಡಬೇಕಲ್ಲ ಎಂಬ ಹೆದರಿಕೆಯಿಂದ ಎಷ್ಟೋ ಕಡೆ ಬೀಗ ಹಾಕಿಟ್ಟಿರುತ್ತಾರೆ. ಶಾಲೆ ಶುರುವಾಗುವ ಮುಂಚೆಯೇ ಮುಖ್ಯ ಗುರುಗಳ ಹತ್ತಿರ ಇದನ್ನು ಮಾತಾಡಿ, ಮೂವತ್ತು ನಲವತ್ತು ಪುಸ್ತಕ ನಿಮ್ಮ ತರಗತಿಗೆ ಕೇಳಿ. ಅನುಭವ ಬೇಕು ಅನ್ನುವವರು ಇದಕ್ಕೆ ಬೇಡ ಅನ್ನಲಾರರು.

ಸಮಯದ ಪ್ರಶ್ನೆ. ಜೂನ್ ಹೇಗಿರುತ್ತದೆ ಅಂತ ನನಗೆ ಗೊತ್ತು. ಪ್ರಾರಂಭೋತ್ಸವ, ದಾಖಲಾತಿ ಆಂದೋಲನ, ಪುಸ್ತಕ-ಸಮವಸ್ತ್ರ ಹಂಚುವುದು, ಆಧಾರ್ ಜೋಡಿಸುವುದು, ಆನ್‌ಲೈನ್ ಎಂಟ್ರಿ. ದಿನಕ್ಕೊಂದು ಗಂಟೆ ಓದುತ್ತೇನೆ ಅಂತ ಸಂಕಲ್ಪ ಮಾಡಿದರೆ ಎರಡನೇ ವಾರಕ್ಕೆ ಮುರಿದು ಬೀಳುತ್ತದೆ. ವಾರಕ್ಕೆ ಎರಡು ಸಲ, ಹದಿನೈದು ನಿಮಿಷ ಸಾಕು. ಒಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಜಾಗಕ್ಕೆ ನಲಿ-ಕಲಿಗೆ ಬಂದಿರುವ ಶಿಕ್ಷಕರನ್ನೇ ಕೇಳಿ, ಅವರ ಮಕ್ಕಳೇ ಮುಂದೆ ನಿಮ್ಮ ಹತ್ತಿರ ಬರುವವರು. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಇಪ್ಪತ್ತು ನಿಮಿಷ ಕೊಡಿ ಅಂತ ಸಿಆರ್‌ಪಿಯವರನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಬಹುದು. ಆದರೆ ಅದಕ್ಕೆ ವರದಿ, ಫೋಟೋ, ರಿಜಿಸ್ಟರ್ ಅಂತ ಶುರುವಾದರೆ ಅಲ್ಲಿಗೇ ಅದು ಸಾಯುತ್ತದೆ. ಬರೆಯುವುದಿದ್ದರೆ ನಿಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: ಏನು ಓದಿದೆ, ತರಗತಿಯಲ್ಲಿ ಏನು ಮಾಡಿದೆ, ಮಕ್ಕಳು ಏನು ಮಾಡಿದರು. ಯಾರಿಗೂ ತೋರಿಸಬೇಕಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಐದಾರು ವಾರ ಬಿಡಬೇಡಿ. ಜೂನ್–ಜುಲೈಯಲ್ಲಿ ಓದಿನ ಕೆಲಸ ಸಾಕು. ನೋಟ್‌ಬುಕ್ ತಿದ್ದುವ ರಾಶಿ ಬೀಳತೊಡಗಿದಾಗ ಅದರ ಬಗ್ಗೆ ಓದಿ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ತೋರಿಸಿದ್ದು ನಿಮಗೆ ಆಗ ಉಪಯೋಗಕ್ಕೆ ಬರುತ್ತದೆ. ಹೇಗೆ ಸುಧಾರಿಸಬೇಕು ಅಂತ ಬರೆದ ಒಂದು ಮಾತು ಮಾತ್ರ ಸಿಕ್ಕ ಮಕ್ಕಳು ಮುಂದುವರಿದರು. ಅಂಕ ಮಾತ್ರ ಸಿಕ್ಕವರು ಮುಂದುವರಿಯಲಿಲ್ಲ, ಅಂಕದ ಜೊತೆ ಮಾತು ಸಿಕ್ಕವರೂ ಮುಂದುವರಿಯಲಿಲ್ಲ. ಮಕ್ಕಳ ಕಣ್ಣು ಅಂಕದ ಮೇಲೆಯೇ ಹೋಗುತ್ತದೆ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕಗಳನ್ನು ನೀವು ದಾಖಲಿಸಲೇಬೇಕು, ಅದು ಬೇರೆ. ದಿನನಿತ್ಯದ ನೋಟ್‌ಬುಕ್ಕಿನಲ್ಲಿ ಅಂಕದ ಬದಲು ಒಂದು ಸಾಲು ಬರೆದು ನೋಡಿ, 41 ಮಕ್ಕಳಿಗೂ ಒಂದೇ ದಿನ ಆಗುವುದಿಲ್ಲ, ದಿನಕ್ಕೆ ಎಂಟು ಮಕ್ಕಳಿಗೆ ಆಗುತ್ತದೆ.

ಕೊನೆಯದಾಗಿ, ಆ ಮಕ್ಕಳಲ್ಲಿ ಒಬ್ಬಿಬ್ಬರು ಎರಡು ತಿಂಗಳು ಹೀಗೆ ಕಲಿಸಿದ ಮೇಲೂ ಇದ್ದಲ್ಲೇ ಇರಬಹುದು. ಆಗ ಇನ್ನೊಂದು ಪುಸ್ತಕ ಹುಡುಕಬೇಡಿ. ಮೊದಲು ಕಣ್ಣು, ಕಿವಿ ನೋಡಿಸಿ. ಕಪ್ಪು ಹಲಗೆ ಕಾಣದೆ, ಪಕ್ಕದವರದನ್ನು ನೋಡಿ ಬರೆದುಕೊಂಡೇ 4ನೇ ತರಗತಿವರೆಗೆ ಬಂದ ಮಕ್ಕಳಿದ್ದಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬರುತ್ತದೆ. ಬಂದ ದಿನ ಈ ಮಕ್ಕಳು ಗೈರಾಗದಂತೆ ನೋಡಿಕೊಳ್ಳಿ, ಹೆಸರು ಹೇಳಿ ಪರೀಕ್ಷೆ ಮಾಡಿಸಿ. ಕಣ್ಣು, ಕಿವಿ ಸರಿ ಇದ್ದೂ ಅಕ್ಷರ ಹಿಡಿಯುತ್ತಿಲ್ಲ ಅಂದರೆ ನಿಮ್ಮ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಯವರನ್ನು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು, ಕರೆಸಿ. ಅವರು ಬಂದಾಗ ನೀವು ಬರೆದಿಟ್ಟ ಆ ಓದಿನ ಹಾಳೆಗಳನ್ನು, ಜೂನ್‌ನದ್ದು ಮತ್ತು ಆಗಸ್ಟ್‌ನದ್ದು ಎರಡನ್ನೂ, ಅವರ ಕೈಗೆ ಕೊಡಿ. 'ಈ ಮಗು ದಡ್ಡ' ಎಂಬ ಮಾತಿಗಿಂತ ಆ ಎರಡು ಹಾಳೆಯಿಂದ ಅವರಿಗೆ ಹೆಚ್ಚು ತಿಳಿಯುತ್ತದೆ.